ಟೇಪ್ ಹಿಡ್ಕೊಂಡು ಶುರು ಮಾಡಿದ್ದು: ಪಿಎಸ್5ಗೆ ಸ್ಕ್ರೀನ್ ಆರಿಸಿದ ಅನುಭವ

ನನ್ನ ಪಿಎಸ್5, ಅಂದ್ರೆ ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್, ತುಂಬ ದಿನ ಓಡಿದ್ದು ರೂಮಲ್ಲಿದ್ದ ಹಳೇ 32 ಇಂಚಿನ 1080ಪಿ ಟಿವಿ ಮೇಲೆ. ಆಡೋಕೆ ಏನೂ ತೊಂದರೆ ಇರ್ಲಿಲ್ಲ ಅಂತಲೇ ಹೇಳ್ಬೇಕು, ಯಾಕಂದ್ರೆ ಎಷ್ಟೋ ಗೇಮ್‌ಗಳು ಒಳಗೆ ದೊಡ್ಡ ಚಿತ್ರ ತಯಾರು ಮಾಡಿ ಅದನ್ನೇ 1080ಪಿಗೆ ಇಳಿಸಿ ಕಳಿಸ್ತವೆ, ಹಂಗೆ ಇಳಿಸಿದ ಚಿತ್ರದ ಅಂಚುಗಳು ನುಣ್ಣಗೆ ಚೆನ್ನಾಗೇ ಕಾಣ್ತವೆ. ಆದ್ರೆ ಎಚ್‌ಡಿಆರ್ (ಕಡುಗಪ್ಪಿಂದ ಉರಿಯೋ ಬೆಳಕಿನವರೆಗೆ ಹೆಚ್ಚು ಅಂತರ ತೋರಿಸೋದು) ಇಲ್ಲ, 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಸ್ಕ್ರೀನ್ ಹೊಸದಾಗೋದು) ಇಲ್ಲ, ಗುಹೆ ಒಳಗೆ ಹೋದ್ರೆ ಕಪ್ಪು ಇರ್ಬೇಕಾದ ಕಡೆ ಬೂದಿ ಬಣ್ಣ. ಸರಿ, ಹೊಸದು ತಗೊಳ್ಳೋಣ ಅಂತ ಹೊರಟೆ, ಯಾರನ್ನ ಕೇಳಿದ್ರೂ ಒಂದೇ ಉತ್ತರ, "4ಕೆ ತಗೋ ಮಾರಾಯ, ಇನ್ನೇನು ಯೋಚನೆ".

ಯೋಚನೆ ಇತ್ತು. 1080ಪಿ ಅಂದ್ರೆ 1920 ಅಡ್ಡ 1080 ಉದ್ದ, ಒಟ್ಟು ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿ ಅಂದ್ರೆ ಸುಮಾರು 36.9 ಲಕ್ಷ. 4ಕೆ ಅಂದ್ರೆ ಹತ್ರ ಹತ್ರ 83 ಲಕ್ಷ, ಅಂದ್ರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. 60 ಎಫ್‌ಪಿಎಸ್‌ನಲ್ಲಿ, ಅಂದ್ರೆ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬರೋವಾಗ, ಒಂದು ಫ್ರೇಮ್ ಮುಗಿಸೋಕೆ ಕನ್ಸೋಲ್‌ಗೆ ಸಿಗೋದು 16.7 ಮಿಲಿಸೆಕೆಂಡ್, ಅಷ್ಟರೊಳಗೆ 83 ಲಕ್ಷ ಪಿಕ್ಸೆಲ್ ಬಣ್ಣ ಹಚ್ಚು ಅಂದ್ರೆ ದೊಡ್ಡ ಗೇಮ್‌ಗಳಲ್ಲಿ ಅದರ ಕೈಲಿ ಆಗಲ್ಲ. ಅದಕ್ಕೇ ಬಹಳಷ್ಟು ಗೇಮ್‌ಗಳು ಕಮ್ಮಿ ರೆಸಲ್ಯೂಶನ್‌ನಲ್ಲಿ ಚಿತ್ರ ಮಾಡಿ, ಸೀನ್ ಭಾರ ಆದಂಗೆ ಅದನ್ನೂ ಏರಿಸಿ ಇಳಿಸಿ ಮಾಡ್ಕೊಂಡು, ಕೊನೆಗೆ 4ಕೆಗೆ ಹಿಗ್ಗಿಸಿ ಕಳಿಸ್ತವೆ. ಶುರುವಿನಲ್ಲಿ ಬಂದ ಪಿಎಸ್5 ಡಬ್ಬಿ ಮೇಲೆ 8ಕೆ ಅಂತಾನೂ ಇತ್ತು, ಅದರ ಬಗ್ಗೆ ಮಾತಾಡೋದೇ ಬೇಡ. ಹಂಗಾಗಿ ಸ್ಕ್ರೀನ್ ಮೇಲೆ 4ಕೆ ಅಂತ ಬರೆದಿದ್ರೆ ನಾನು ನೋಡೋದೂ 4ಕೆ ಚಿತ್ರ ಅಂತ ಏನಿಲ್ಲ. ನನಗೆ ಗೊತ್ತಾಗ್ಬೇಕಿದ್ದಿದ್ದು ಬೇರೆ, ನಾನು ಕೂತ ಜಾಗದಿಂದ ನನ್ನ ಕಣ್ಣಿಗೆ ಎಷ್ಟು ಕಾಣುತ್ತೆ ಅನ್ನೋದು.

ಅದಕ್ಕೇ ಮೊದಲು ಟೇಪ್ ತಗೊಂಡು ಹಾಲ್‌ನಲ್ಲಿ ಸೋಫಾದಿಂದ ಗೋಡೆವರೆಗೂ ಅಳೆದೆ. ಗೋಡೆಯಿಂದ ಗೋಡೆಗಲ್ಲ, ಒರಗಿ ಕೂತಾಗ ಕಣ್ಣು ಎಲ್ಲಿರುತ್ತೋ ಅಲ್ಲಿಂದ ಸ್ಕ್ರೀನ್ ಬರೋ ಜಾಗಕ್ಕೆ. ಎಂಟು ಅಡಿ, ಅಂದ್ರೆ ಸುಮಾರು 2.4 ಮೀಟರ್. ತಮ್ಮ ಟೇಪಿನ ಆ ಕಡೆ ತುದಿ ಹಿಡ್ಕೊಂಡು "ಅಣ್ಣಾ, ಟಿವಿ ತಗೊಳ್ಳೋಕೆ ಹೋಗ್ತಿದ್ಯೋ ಸೈಟ್ ತಗೊಳ್ಳೋಕೋ" ಅಂತ ಕಿಚಾಯಿಸಿದ.

ಲೆಕ್ಕ ಇಷ್ಟೇ. ದೃಷ್ಟಿ ಚೆನ್ನಾಗಿರೋ ಕಣ್ಣು ಒಂದು ಡಿಗ್ರಿಯನ್ನ 60 ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗದಷ್ಟು ಸಣ್ಣದನ್ನ ಬೇರೆ ಬೇರೆಯಾಗಿ ಗುರುತಿಸುತ್ತೆ, ಕಣ್ಣಿನ ಡಾಕ್ಟರ್ ಹತ್ರ ಓದಿಸೋ ಚಾರ್ಟ್ ಕೂಡ ಇದೇ ಲೆಕ್ಕದ ಮೇಲೆ ಮಾಡಿರೋದು. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್, ಅದನ್ನ 1920ರಿಂದ ಭಾಗಿಸಿದ್ರೆ ಒಂದು ಪಿಕ್ಸೆಲ್ 0.63 ಮಿಲಿಮೀಟರ್, ಅದು ಕಣ್ಣಿಗೆ ಬೇರೆಯಾಗಿ ಕಾಣೋದು ಸುಮಾರು 2.2 ಮೀಟರ್‌ವರೆಗೆ. ಅಂದ್ರೆ ನನ್ನ ಎಂಟು ಅಡಿಯಿಂದ 55 ಇಂಚಿನ ಸ್ಕ್ರೀನ್ ನೋಡಿದ್ರೆ 1080ಪಿಗೂ 4ಕೆಗೂ ಹೆಚ್ಚೇನೂ ವ್ಯತ್ಯಾಸ ಸಿಗಲ್ಲ. 65 ಇಂಚಿಗೆ ಇದೇ ಲೆಕ್ಕ ಹಾಕಿದ್ರೆ 1080ಪಿಯ ಗಡಿ 2.6 ಮೀಟರ್‌ಗೆ ಬರುತ್ತೆ, 1440ಪಿಯ ಗಡಿ 1.9ಕ್ಕೆ. ಇಲ್ಲಿ ನನಗೆ ಮಜಾ ಅನ್ಸಿದ್ದು ಏನಂದ್ರೆ, 65 ಇಂಚು ತಗೊಂಡು ಎಂಟು ಅಡಿಯಲ್ಲಿ ಕೂತ್ರೆ 1080ಪಿ ಸ್ವಲ್ಪ ಸಾಲಲ್ಲ, ಆದ್ರೆ 1440ಪಿ ಆಗ್ಲೇ ಸಾಕಾಗುತ್ತೆ. ಕನ್ಸೋಲ್ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ, ಅಂದ್ರೆ ಪಿಕ್ಸೆಲ್ ಸ್ವಲ್ಪ ಕಮ್ಮಿ ಮಾಡಿ 60 ಎಫ್‌ಪಿಎಸ್ ಕೊಡೋ ಆಯ್ಕೆಯಲ್ಲಿ, ಎಷ್ಟೋ ಗೇಮ್‌ಗಳನ್ನ ಓಡ್ಸೋದೂ 1440ಪಿಯ ಆಚೆ ಈಚೆಯೇ. ಅಂದ್ರೆ 60 ಎಫ್‌ಪಿಎಸ್ ಆರಿಸ್ಕೊಂಡ್ರೆ ನನ್ನ ಕಣ್ಣು ಕಳ್ಕೊಳ್ಳೋದು ಏನೂ ಇಲ್ಲ.

ಪೇಪರ್ ಮೇಲೆ ಇದೆಲ್ಲ ಸರಿ, ಕಣ್ಣಲ್ಲಿ ನೋಡ್ದೆ ನಂಬೋನಲ್ಲ ನಾನು. ಗೆಳೆಯನ ಮನೇಲಿ 65 ಇಂಚಿನ ಓಲೆಡ್ ಟಿವಿ ಇದೆ, ಕನ್ಸೋಲ್ ಬ್ಯಾಗಿಗೆ ಹಾಕ್ಕೊಂಡು ಅಲ್ಲಿಗೆ ಹೋದೆ. ಒಂದೇ ಗೇಮ್, ಒಂದೇ ಜಾಗ, ಮುಳ್ಳುತಂತಿ ಬೇಲಿ ಪಕ್ಕ ಹೀರೋನ ನಿಲ್ಲಿಸಿ, ರೆಸಲ್ಯೂಶನ್ ಮೋಡ್ (ಪಿಕ್ಸೆಲ್ ಜಾಸ್ತಿ, ಆದ್ರೆ 30 ಎಫ್‌ಪಿಎಸ್) ಒಂದ್ಸಲ ಪರ್ಫಾರ್ಮೆನ್ಸ್ ಮೋಡ್ ಒಂದ್ಸಲ. ಸುಮ್ನೆ ನಿಂತಿದ್ದಾಗ ಎಂಟು ಅಡಿಯಿಂದ ಇಬ್ರಿಗೂ ಯಾವುದು ಯಾವುದು ಅಂತ ಹೇಳೋಕೆ ಆಗ್ಲಿಲ್ಲ. ಎದ್ದು ಹೋಗಿ ಟಿವಿಯಿಂದ ಒಂದು ಮೀಟರ್ ದೂರದಲ್ಲಿ ಕೂತ್ರೆ ಆಗ ಕಾಣುತ್ತೆ, ಬಟ್ಟೆಯ ನೇಯ್ಗೆ, ದೂರದ ಮರದ ಎಲೆ, ಇವೆಲ್ಲ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಸ್ವಲ್ಪ ಮಸುಕು. ಆದ್ರೆ ಕ್ಯಾಮೆರಾ ತಿರುಗಿಸಿದ ಕೂಡ್ಲೇ ಕಥೆಯೇ ಬೇರೆ. 30 ಎಫ್‌ಪಿಎಸ್‌ನಲ್ಲಿ ಇಡೀ ಸೀನ್ ಕಟಕಟ ಅಂತ ಹೆಜ್ಜೆ ಹೆಜ್ಜೆಯಾಗಿ ಹೋಗುತ್ತೆ, 60ರಲ್ಲಿ ಹರಿಯುತ್ತೆ, ಇದು ಬಾಗಿಲಲ್ಲಿ ನಿಂತು ನೋಡಿದ್ರೂ ಗೊತ್ತಾಗುತ್ತೆ. ಲೆಕ್ಕಕ್ಕೆ ಸಿಗದೇ ಇದ್ದ ಒಂದು ವಿಷಯ ಮಾತ್ರ ಅಲ್ಲೇ ಸಿಕ್ತು, ಬೇಲಿಯ ತಂತಿ ಕ್ಯಾಮೆರಾ ಆಡಿದಂಗೆ ಮಿಣಮಿಣ ಅನ್ನೋದು. ಪಿಕ್ಸೆಲ್ ಒಂದೊಂದಾಗಿ ಕಾಣದೇ ಇದ್ರೂ ಈ ಮಿಣುಕು ದೂರದಿಂದಲೂ ಕಾಣುತ್ತೆ, ಕಮ್ಮಿ ರೆಸಲ್ಯೂಶನ್‌ನಲ್ಲಿ ಜಾಸ್ತಿ. ಹಂಗಾಗಿ ದೂರದ ಲೆಕ್ಕ ಪೂರ್ತಿ ಅಲ್ಲ, ಆದ್ರೆ ಸೈಜ್ ಆರಿಸೋಕೆ ಅದಕ್ಕಿಂತ ಒಳ್ಳೇ ದಾರಿ ನನಗಂತೂ ಕಾಣ್ಲಿಲ್ಲ.

ಅದೇ ದಿನ ಓಲೆಡ್ ಬಗ್ಗೆಯೂ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯ್ತು. ಓಲೆಡ್‌ನಲ್ಲಿ ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತೆ, ಕಪ್ಪು ಬೇಕಂದ್ರೆ ಪೂರ್ತಿ ಆರಿಬಿಡುತ್ತೆ, ಎಲ್‌ಸಿಡಿ ಟಿವಿಯಂಗೆ ಹಿಂದಿಂದ ಬೆಳಗೋ ಬ್ಯಾಕ್‌ಲೈಟ್ ಅನ್ನೋದೇ ಇಲ್ಲ. ಗುಹೆ ಸೀನ್‌ನಲ್ಲಿ ಪಂಜು ಹಿಡಿದು ಹೋಗ್ತಿದ್ರೆ ಸ್ಕ್ರೀನ್ ಅಂಚು ಎಲ್ಲಿ ಮುಗಿಯುತ್ತೆ ಗೋಡೆ ಎಲ್ಲಿ ಶುರುವಾಗುತ್ತೆ ಗೊತ್ತಾಗಲ್ಲ, ಆ ಕಪ್ಪು ಒಂದ್ಸಲ ನೋಡಿದ್ಮೇಲೆ ಬೇರೆದು ರುಚಿಸಲ್ಲ, ಅದು ನಿಜ. ಪಿಕ್ಸೆಲ್ ಬಣ್ಣ ಬದಲಾಯಿಸೋ ವೇಗ ಒಂದು ಮಿಲಿಸೆಕೆಂಡ್‌ಗಿಂತಲೂ ಕಮ್ಮಿ. ಆದ್ರೆ ಆ ವೇಗವೇ 30 ಎಫ್‌ಪಿಎಸ್ ಗೇಮ್‌ಗೆ ಮುಳುವು. ಪ್ರತಿ ಫ್ರೇಮ್ 33.3 ಮಿಲಿಸೆಕೆಂಡ್ ಕಲ್ಲಿನಂಗೆ ನಿಂತು, ಥಟ್ ಅಂತ ಮುಂದಿನದಕ್ಕೆ ಹಾರುತ್ತೆ, ನಿಧಾನದ ಎಲ್‌ಸಿಡಿಯಲ್ಲಿ ಫ್ರೇಮ್‌ಗಳು ಒಂದಕ್ಕೊಂದು ಸ್ವಲ್ಪ ಕಲೆಸಿಕೊಳ್ಳೋದ್ರಿಂದ ಈ ಜರ್ಕ್ ಮುಚ್ಚಿಹೋಗಿರುತ್ತೆ. ನನ್ನ ಹಳೇ ಟಿವಿಯಲ್ಲಿ ಆರಾಮಾಗಿ ಆಡಿದ್ದ ಗೇಮೇ ಅಲ್ಲಿ ಕಣ್ಣು ನೋಯಿಸ್ತು. ಅದೇ ಗೇಮನ್ನ 60ಕ್ಕೆ ಹಾಕಿದ್ರೆ ಸ್ವರ್ಗ.

ಓಲೆಡ್ ಬೇಡ ಅಂತ ನಾನು ತೀರ್ಮಾನಿಸಿದ್ದಕ್ಕೆ ಕಾರಣ ಅದಲ್ಲ. ನಮ್ಮ ಹಾಲ್‌ನಲ್ಲಿ ಸೋಫಾ ಹಿಂದೆಯೇ ದೊಡ್ಡ ಕಿಟಕಿ, ಹಗಲಲ್ಲಿ ಬೆಳಕು ನೇರವಾಗಿ ಸ್ಕ್ರೀನ್ ಮೇಲೆ ಬೀಳುತ್ತೆ. ಓಲೆಡ್‌ನಲ್ಲಿ ಸಣ್ಣ ಜಾಗ ಮಾತ್ರ ಬೆಳಗಬೇಕಾದ್ರೆ ತುಂಬಾ ಪ್ರಕಾಶ ಕೊಡುತ್ತೆ, ಇಡೀ ಸ್ಕ್ರೀನ್ ಬೆಳ್ಳಗಾದ್ರೆ ತಾನೇ ಡಿಮ್ ಮಾಡ್ಕೊಳ್ಳುತ್ತೆ, ಹಿಮದ ಸೀನ್ ಬಂದ್ರೆ ಅದು ಎದ್ದು ಕಾಣುತ್ತೆ. ಜೊತೆಗೆ ಅದೇ ಟಿವಿಯಲ್ಲಿ ಅಪ್ಪ ದಿನಾ ಗಂಟೆಗಟ್ಟಲೆ ನ್ಯೂಸ್ ನೋಡ್ತಾರೆ, ಕೆಳಗೆ ಓಡೋ ಪಟ್ಟಿ, ಮೂಲೆಯಲ್ಲಿ ಕದಲದ ಲೋಗೋ. ಕದಲದ ಚಿತ್ರ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಇದ್ರೆ ಆ ಪಿಕ್ಸೆಲ್‌ಗಳು ಬೇರೆಯವಕ್ಕಿಂತ ಬೇಗ ಸವೆದು ನೆರಳು ಉಳ್ಕೊಳ್ಳುತ್ತೆ, ಇದಕ್ಕೇ ಬರ್ನ್-ಇನ್ ಅನ್ನೋದು. ಈಗಿನ ಪ್ಯಾನೆಲ್‌ಗಳು ಪಿಕ್ಸೆಲ್ ಸ್ವಲ್ಪ ಸ್ವಲ್ಪ ಸರಿಸೋದು, ಲೋಗೋ ಡಿಮ್ ಮಾಡೋದು ಎಲ್ಲ ಮಾಡ್ತವೆ, ಬರೀ ಗೇಮ್ ಆಡೋರಿಗೆ, ಗೇಮ್ ಬದಲಾಯಿಸ್ತಾ ಇರೋರಿಗೆ ನಾನು ಕಣ್ಣು ಮುಚ್ಚಿ ಓಲೆಡ್ ಅಂತೀನಿ. ಅಪ್ಪನ ನ್ಯೂಸ್ ಬಂದ್ ಮಾಡೋ ಧೈರ್ಯ ನನಗಿಲ್ಲ.

ಇನ್ನೊಂದು ದಾರಿ ಹಾಲ್ ಸಹವಾಸವೇ ಬೇಡ ಅಂತ ರೂಮಲ್ಲಿ ಟೇಬಲ್ ಮೇಲೆ ಮಾನಿಟರ್. ಇದನ್ನೂ ಸೀರಿಯಸ್ಸಾಗೇ ನೋಡಿದೆ. ಟೇಬಲ್ ಮುಂದೆ ಕೂತ್ರೆ ಕಣ್ಣಿಗೂ ಸ್ಕ್ರೀನಿಗೂ ಎರಡು ಎರಡೂವರೆ ಅಡಿ, 27 ಇಂಚಿನಲ್ಲಿ 1080ಪಿ ಅಂದ್ರೆ ಇಂಚಿಗೆ 82 ಪಿಕ್ಸೆಲ್, ಅಷ್ಟು ಹತ್ರದಿಂದ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. 1440ಪಿ ಅಂದ್ರೆ 109, ಅದು ಆ ದೂರಕ್ಕೆ ಸುಮಾರಾಗಿ ಹೊಂದುತ್ತೆ. 4ಕೆ ಅಂದ್ರೆ 163, ಇಲ್ಲಿ ಮಾತ್ರ 4ಕೆಯ ಸೊಗಸು ನಿಜವಾಗ್ಲೂ ಕಣ್ಣಿಗೆ ಸಿಗುತ್ತೆ, ತಮಾಷೆ ನೋಡಿ, ದೊಡ್ಡ ಟಿವಿಗಿಂತ ಚಿಕ್ಕ ಮಾನಿಟರ್‌ನಲ್ಲೇ 4ಕೆಗೆ ಹೆಚ್ಚು ಅರ್ಥ. 1440ಪಿ ಮಾನಿಟರ್ ವಿಷಯದಲ್ಲಿ ಪಿಎಸ್5 ತುಂಬ ದಿನ ಸತಾಯಿಸ್ತು, 2020ರ ನವೆಂಬರ್‌ನಲ್ಲಿ ಬಂದ ಕನ್ಸೋಲ್‌ಗೆ 1440ಪಿ ಔಟ್‌ಪುಟ್ ಸಿಕ್ಕಿದ್ದು 2022ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ. ಅಲ್ಲೀವರೆಗೆ ಅಂಥ ಮಾನಿಟರ್‌ಗೆ ಹಾಕಿದ್ರೆ ಎಷ್ಟೋ ಕಡೆ 1080ಪಿ ಹೋಗ್ತಿತ್ತು, 1080ನ್ನ 1440ಕ್ಕೆ ಹಿಗ್ಗಿಸೋದು ಅಂದ್ರೆ 1.33 ಪಟ್ಟು, ಒಂದು ಪಿಕ್ಸೆಲ್ಲನ್ನ ಒಂದೂ ಮೂರನೇ ಒಂದು ಪಿಕ್ಸೆಲ್ ಮಾಡೋದು ಹೆಂಗೆ, ಎಲ್ಲ ಮಸುಕು. 1080ಪಿಯನ್ನ 4ಕೆಗೆ ಹಾಕಿದ್ರೆ ಈ ಗೋಳಿಲ್ಲ, ಒಂದು ಪಿಕ್ಸೆಲ್ ಸರಿಯಾಗಿ ಎರಡಕ್ಕೆರಡು, ನಾಲ್ಕಾಗುತ್ತೆ. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಕನ್ಸೋಲ್‌ನೋರಿಗೆ 1440ಪಿ ಆಗ್ಲೇ ಇತ್ತು, ಅದರ ಸೀರೀಸ್ ಎಸ್ ಅಂತೂ 1440ಪಿಯನ್ನೇ ಗುರಿ ಇಟ್ಕೊಂಡು ಮಾಡಿದ್ದು.

ಆದ್ರೂ ಮಾನಿಟರ್ ಕೈಬಿಟ್ಟೆ, ಎಚ್‌ಡಿಆರ್ ಕಾರಣಕ್ಕೆ. ನಾನು ನೋಡಿದ ಮಾನಿಟರ್‌ಗಳಲ್ಲಿ ಹೆಚ್ಚಿನವು ಐಪಿಎಸ್, ಎಲ್‌ಸಿಡಿ ಪ್ಯಾನೆಲ್‌ನ ಒಂದು ಬಗೆ. ಬಣ್ಣ ಚೆನ್ನಾಗಿರುತ್ತೆ, ಪಕ್ಕದಿಂದ ನೋಡಿದ್ರೂ ಬಣ್ಣ ಬದಲಾಗಲ್ಲ, ಆದ್ರೆ ಕಾಂಟ್ರಾಸ್ಟ್, ಅಂದ್ರೆ ಬಿಳಿಗೂ ಕಪ್ಪಿಗೂ ಇರೋ ಬೆಳಕಿನ ಅನುಪಾತ, ಸುಮಾರು 1000ಕ್ಕೆ 1, ರಾತ್ರಿ ಲೈಟ್ ಆರಿಸಿ ಕೂತ್ರೆ ಮೂಲೆಗಳು ಹೊಳೀತಾ ಇರ್ತವೆ. ಡಬ್ಬಿ ಮೇಲೆ ಎಚ್‌ಡಿಆರ್ ಅಂತ ಬರೆದಿರ್ತಾರೆ, ಒಳಗೆ ನೋಡಿದ್ರೆ 300 ನಿಟ್ಸ್ ಬ್ರೈಟ್‌ನೆಸ್, ಬ್ಯಾಕ್‌ಲೈಟ್ ಪೂರ್ತಿ ಒಂದೇ ತುಂಡು. ಅದು ಎಚ್‌ಡಿಆರ್ ಸಿಗ್ನಲ್ ತಗೊಳ್ಳುತ್ತೆ ಅಷ್ಟೇ, ತೋರಿಸಲ್ಲ. ಸೂರ್ಯ ಉರೀಬೇಕು ಪಕ್ಕದ ನೆರಳು ಕಪ್ಪಾಗೇ ಇರ್ಬೇಕು ಅಂದ್ರೆ ಬ್ಯಾಕ್‌ಲೈಟ್ ಜಾಗ ಜಾಗಕ್ಕೆ ಬೇರೆ ಬೇರೆಯಾಗಿ ಏರಿಳೀಬೇಕು, ಇಲ್ಲಾ ಓಲೆಡ್ ಆಗಿರ್ಬೇಕು. ಬೇರೆ ದಾರಿ ಇಲ್ಲ. ನನ್ನ ಮಾತು ಕೇಳೋದಾದ್ರೆ, ಒಳ್ಳೇ ಎಚ್‌ಡಿಆರ್ ಇರೋ ಸ್ಕ್ರೀನಿಗೆ 1440ಪಿ ಚಿತ್ರ ಕೊಟ್ರೂ ಅದು ಕೆಟ್ಟ ಎಚ್‌ಡಿಆರ್‌ನ 4ಕೆಗಿಂತ ಚೆನ್ನಾಗಿ ಕಾಣುತ್ತೆ.

ಹಂಗಾಗಿ ಕೊನೆಗೆ ನಿಂತಿದ್ದು 65 ಇಂಚಿನ ಮಿನಿ ಎಲ್‌ಇಡಿ ಟಿವಿ, ಅಂದ್ರೆ ಬ್ಯಾಕ್‌ಲೈಟ್‌ನಲ್ಲಿ ಸಣ್ಣ ಸಣ್ಣ ಎಲ್‌ಇಡಿಗಳಿದ್ದು ಜಾಗ ಜಾಗಕ್ಕೆ ಏರಿಳಿಯೋದು, ಪ್ಯಾನೆಲ್ ವಿಎ. ವಿಎ ಅಂದ್ರೆ ಎಲ್‌ಸಿಡಿಯ ಇನ್ನೊಂದು ಬಗೆ, ಐಪಿಎಸ್‌ಗಿಂತ ಮೂರು ನಾಲ್ಕು ಪಟ್ಟು ಕಾಂಟ್ರಾಸ್ಟ್, ಎದುರಿಗೆ ಕೂತು ನೋಡೋರಿಗೆ ಸರಿ, ಪಕ್ಕದ ಕುರ್ಚಿಯೋರಿಗೆ ಬಣ್ಣ ಸ್ವಲ್ಪ ಪೇಲವ. ಇದರದ್ದೊಂದು ಕಾಯಿಲೆ ಇದೆ, ಕಡುಕಪ್ಪಿಂದ ಬೂದಿ ಬಣ್ಣಕ್ಕೆ ಬರೋಕೆ ಪಿಕ್ಸೆಲ್ ತಡ ಮಾಡುತ್ತೆ. ಕತ್ತಲೆ ಕಾರಿಡಾರ್‌ನಲ್ಲಿ ಕ್ಯಾಮೆರಾ ಬೇಗ ತಿರುಗಿಸಿದ್ರೆ ಕಂಬದ ಹಿಂದೆ ಇದ್ದಿಲು ಒರೆಸಿದಂಗೆ ಒಂದು ಎಳೆ ಬರುತ್ತೆ. ತಗೊಳ್ಳೋ ಮುಂಚೆ ಇದನ್ನೇ ಹುಡುಕಿ ನೋಡಿದೆ, ಡೆಮೋ ವಿಡಿಯೋ ಬೇಡ ಅಂತ ಹೇಳಿ ನನ್ನ ಪೆನ್‌ಡ್ರೈವ್‌ನಲ್ಲಿದ್ದ ಕತ್ತಲೆ ಗೇಮ್ ರೆಕಾರ್ಡಿಂಗ್ ಹಾಕ್ಸಿದೆ. ಹೂವು, ಹಣ್ಣು, ನೀರಿನ ಹನಿಯ ಡೆಮೋದಲ್ಲಿ ಎಲ್ಲ ಟಿವಿಯೂ ಚೆಂದವೇ. ಜೊತೆಗೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಸಬ್‌ಟೈಟಲ್ ಬಂದಾಗ ಸುತ್ತ ಎಷ್ಟು ಮಂಜು ಹಬ್ಬುತ್ತೆ ಅಂತ ನೋಡಿದೆ, ಮತ್ತೆ ಗೇಮ್ ಮೋಡ್ (ಬಟನ್ ಒತ್ತಿದ್ದು ಬೇಗ ಸ್ಕ್ರೀನ್ ಮೇಲೆ ಬರೋ ಹಾಗೆ ಮಾಡೋ ಟಿವಿ ಸೆಟ್ಟಿಂಗ್) ಹಾಕಿ ಅದನ್ನೇ ಇನ್ನೊಂದ್ಸಲ ನೋಡಿದೆ, ಯಾಕಂದ್ರೆ ಕೆಲವು ಟಿವಿಗಳು ಗೇಮ್ ಮೋಡ್‌ಗೆ ಹೋದ ತಕ್ಷಣ ಲೋಕಲ್ ಡಿಮ್ಮಿಂಗ್‌ನ, ಅಂದ್ರೆ ಬ್ಯಾಕ್‌ಲೈಟ್ ಜಾಗ ಜಾಗಕ್ಕೆ ಏರಿಳಿಯೋದನ್ನ, ಸೋಮಾರಿ ಮಾಡಿಬಿಡ್ತವೆ.

120 ಹರ್ಟ್ಸ್ ಬೇಕೇ ಬೇಕು ಅಂತ ನಾನು ಹಟ ಹಿಡಿದಿದ್ದು 120 ಎಫ್‌ಪಿಎಸ್ ಆಡೋಕಲ್ಲ, 40ಕ್ಕೆ. 30 ಎಫ್‌ಪಿಎಸ್ ಅಂದ್ರೆ ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60 ಅಂದ್ರೆ 16.7, 40 ಅಂದ್ರೆ 25, ಅಂದ್ರೆ ಸಮಯದ ಲೆಕ್ಕದಲ್ಲಿ 40 ಅನ್ನೋದು ಸರಿಯಾಗಿ ನಡುವಿಗೆ ಬರುತ್ತೆ. 60 ಹರ್ಟ್ಸ್ ಸ್ಕ್ರೀನ್‌ನಲ್ಲಿ 40 ಸಮನಾಗಿ ಕೂರಲ್ಲ, 120ರಲ್ಲಿ ಒಂದೊಂದು ಫ್ರೇಮ್ ಮೂರು ಮೂರು ಸಲ ತೋರಿಸಿದ್ರೆ ಮುಗೀತು. 2021ರಲ್ಲಿ ರ‍್ಯಾಚೆಟ್ ಆಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್‌ಗೆ ಈ ಮೋಡ್ ಬಂತು, ಆಮೇಲೆ ಬೇರೆ ಗೇಮ್‌ಗಳೂ ಕೊಟ್ವು. ರೆಸಲ್ಯೂಶನ್ ಮೋಡ್‌ನ ಚಿತ್ರ ಹೆಚ್ಚುಕಮ್ಮಿ ಹಂಗೇ ಉಳಿಯುತ್ತೆ, 30ರ ಆ ಕಟಕಟ ಕಮ್ಮಿ ಆಗುತ್ತೆ. ವಿಆರ್‌ಆರ್ ಇನ್ನೊಂದು, ಕನ್ಸೋಲ್ ಫ್ರೇಮ್ ಕೊಟ್ಟಾಗಲೇ ಸ್ಕ್ರೀನ್ ರಿಫ್ರೆಶ್ ಆಗೋದು, ಪಿಎಸ್5ಗೆ ಇದು 2022ರ ಏಪ್ರಿಲ್‌ನಲ್ಲಿ ಬಂತು, ಕೆಲಸ ಮಾಡೋದು 48ರಿಂದ 120 ಹರ್ಟ್ಸ್ ನಡುವೆ. 60ರಿಂದ 52, 53ಕ್ಕೆ ಜಾರೋ ಗೇಮ್‌ಗಳಿಗೆ ಇದು ಸಂಜೀವಿನಿ.

ಇದಕ್ಕೆಲ್ಲ ಕನ್ಸೋಲ್ ಜೋಡಿಸೋ ಪೋರ್ಟ್ ಎಚ್‌ಡಿಎಂಐ 2.1 ಆಗಿರ್ಬೇಕು ಅಂತ ಎಲ್ರೂ ಹೇಳ್ತಾರೆ, ಆದ್ರೆ ಆ ನಂಬರ್ ನೋಡಿ ತಗೋಬೇಡಿ. ಈಗಿನ ನಿಯಮದಲ್ಲಿ 4ಕೆ 120 ಹರ್ಟ್ಸ್ ಆಗ್ಲಿ ವಿಆರ್‌ಆರ್ ಆಗ್ಲಿ ಕಡ್ಡಾಯ ಅಲ್ಲ, ಅವಿಲ್ಲದೇನೂ 2.1 ಅಂತ ಬರೀಬಹುದು. ಸ್ಪೆಕ್ ಶೀಟ್‌ನಲ್ಲಿ 4ಕೆ 120 ಹರ್ಟ್ಸ್, ವಿಆರ್‌ಆರ್, ಎಎಲ್‌ಎಲ್‌ಎಂ (ಟಿವಿ ತಾನೇ ಗೇಮ್ ಮೋಡ್‌ಗೆ ಹೋಗೋದು) ಅಂತ ಒಂದೊಂದನ್ನೂ ಬಿಡಿಬಿಡಿಯಾಗಿ ಬರೆದಿದಾರಾ ಅಂತ ನೋಡ್ಬೇಕು. "ಮೋಷನ್ ರೇಟ್ 120" ಅನ್ನೋ ಮಾತಿಗೆ ಮರುಳಾಗೋದೂ ಬೇಡ, ಪ್ಯಾನೆಲ್ 60 ಹರ್ಟ್ಸ್ ಇದ್ರೂ ಹಂಗೆ ಬರೀತಾರೆ. ನಾನು ಮೊದಲು ಮೆಚ್ಚಿದ್ದ ಒಂದು ಟಿವಿಯಲ್ಲಿ ನಾಲ್ಕು ಪೋರ್ಟ್ ಇದ್ರೂ 120 ಹರ್ಟ್ಸ್ ಇದ್ದಿದ್ದು ಎರಡಕ್ಕೆ, ಅದರಲ್ಲೊಂದು ಸೌಂಡ್‌ಬಾರ್ ಹಾಕೋ ಇಆರ್ಕ್ ಪೋರ್ಟ್. ಅಲ್ಲಿಗೆ ಕನ್ಸೋಲ್‌ಗೆ ಉಳಿದಿದ್ದು ಒಂದೇ, ನಾಳೆ ಇನ್ನೊಂದು ಕನ್ಸೋಲ್ ಬಂದ್ರೆ ಕೇಬಲ್ ಕಿತ್ತು ಹಾಕು. ಅದನ್ನ ಬಿಟ್ಟು ನಾಲ್ಕೂ ಪೋರ್ಟ್‌ನಲ್ಲಿ 120 ಇರೋದನ್ನೇ ತಗೊಂಡೆ. ಕೇಬಲ್ ಕನ್ಸೋಲ್ ಜೊತೆ ಬಂದಿದ್ದೇ ಸಾಕು.

ಟಿವಿ ಬಂದ ದಿನ ಕನ್ಸೋಲ್ ಹಾಕಿ ಪಿಎಸ್5 ಸೆಟ್ಟಿಂಗ್ಸ್‌ನ ವಿಡಿಯೋ ಔಟ್‌ಪುಟ್ ಮಾಹಿತಿ ತೆಗೆದು ನೋಡಿದೆ, 3840 ಇಂಟು 2160, 60 ಹರ್ಟ್ಸ್. ಎಚ್‌ಡಿಆರ್ ಇಲ್ಲ, 120 ಇಲ್ಲ, ತಮ್ಮ ಆಗ್ಲೇ ಮುಖ ಸಪ್ಪೆ ಮಾಡ್ಕೊಂಡ. ಟಿವಿಗಳು ಡಬ್ಬಿಯಿಂದ ಬರೋವಾಗ ಎಷ್ಟೋ ಸಲ ಎಚ್‌ಡಿಎಂಐ ಪೋರ್ಟ್ ಹಳೇ ಮೋಡ್‌ನಲ್ಲೇ ಇರುತ್ತೆ, ಅದನ್ನ ಪೋರ್ಟ್ ಪೋರ್ಟಿಗೂ ನಾವೇ ಆನ್ ಮಾಡ್ಬೇಕು, ಸ್ಯಾಮ್‌ಸಂಗ್‌ನೋರು ಇನ್‌ಪುಟ್ ಸಿಗ್ನಲ್ ಪ್ಲಸ್ ಅಂತಾರೆ, ಎಲ್‌ಜಿಯೋರು ಎಚ್‌ಡಿಎಂಐ ಡೀಪ್ ಕಲರ್ ಅಂತಾರೆ, ಸೋನಿಯೋರು ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್ ಅಂತಾರೆ, ಕೆಲಸ ಒಂದೇ. ಆನ್ ಮಾಡಿದ್ಮೇಲೆ ಕನ್ಸೋಲ್ 120, ಎಚ್‌ಡಿಆರ್, ವಿಆರ್‌ಆರ್ ಎಲ್ಲ ತೋರಿಸ್ತು. 120ಕ್ಕೆ ಹೋದಾಗ ಬಣ್ಣದ ಸಾಲಲ್ಲಿ ಆರ್‌ಜಿಬಿ ಬದಲು ವೈಯುವಿ 422 ಅಂತ ಬಂದ್ರೆ ಗಾಬರಿ ಬೇಡ, ಪಿಎಸ್5 ಕಳಿಸೋದು ಸೆಕೆಂಡಿಗೆ 32 ಗಿಗಾಬಿಟ್‌ವರೆಗೆ ಮಾತ್ರ, ಹೊಂದಿಸೋಕೆ ಬಣ್ಣದ ಮಾಹಿತಿ ಸ್ವಲ್ಪ ಕಮ್ಮಿ ಮಾಡುತ್ತೆ, ಸೋಫಾದಿಂದ ಅದು ಯಾರ ಕಣ್ಣಿಗೂ ಬೀಳಲ್ಲ.

ಎಚ್‌ಡಿಆರ್ ಅಡ್ಜಸ್ಟ್ ಮಾಡೋದನ್ನ ಮಾತ್ರ ಅವಸರದಲ್ಲಿ ಮುಗಿಸ್ಬೇಡಿ. ಕನ್ಸೋಲ್ ಸೂರ್ಯನ ಚಿಹ್ನೆ ತೋರಿಸಿ, ಅದು ಕಂಡೂ ಕಾಣದಂಗೆ ಆಗೋವರೆಗೆ ಹೊಂದಿಸು ಅನ್ನುತ್ತೆ, ಎರಡು ಸ್ಕ್ರೀನ್ ಬೆಳಕಿಗೆ, ಒಂದು ಕಪ್ಪಿಗೆ. ಟಿವಿಯಲ್ಲಿ ಎಚ್‌ಜಿಐಜಿ ಅಂತ ಆಯ್ಕೆ ಇದ್ರೆ ಮೊದಲು ಅದನ್ನ ಹಾಕಿ ಆಮೇಲೆ ಇದನ್ನ ಮಾಡ್ಬೇಕು, ಇಲ್ದಿದ್ರೆ ಕನ್ಸೋಲೂ ಬೆಳಕು ಹೊಂದಿಸುತ್ತೆ, ಅದರ ಮೇಲೆ ಟಿವಿಯೂ ಹೊಂದಿಸುತ್ತೆ, ಮೋಡದ ಅಂಚೆಲ್ಲ ಸುಣ್ಣ ಬಳಿದಂಗಾಗುತ್ತೆ. ನಾನು ರಾತ್ರಿ ಪರದೆ ಎಳೆದು ಮಾಡಿದೆ. ಶಾರ್ಪ್‌ನೆಸ್ ಇಳಿಸಿದೆ, ಟಿವಿಯ ಮೋಷನ್ ಸ್ಮೂದಿಂಗ್ (ನಡುನಡುವೆ ತಾನೇ ಫ್ರೇಮ್ ಸೇರಿಸೋದು) ತೆಗೆದೆ. ಗೇಮ್ ಮೋಡ್ ಅಂತೂ ಬಿಡೋ ಹಾಗೇ ಇಲ್ಲ, ಸಿನಿಮಾ ಮೋಡ್‌ನಲ್ಲಿ ಬಟನ್ ಒತ್ತಿದ್ಮೇಲೆ ಹೀರೋ ಯೋಚನೆ ಮಾಡಿ ನೆಗೀತಾನೆ.

ಈಗ ನಿಧಾನದ ಕಥೆ ಗೇಮ್‌ಗಳಿಗೆ 40 ಮೋಡ್ ಇದ್ರೆ ಅದು, ಇಲ್ದಿದ್ರೆ ಪರ್ಫಾರ್ಮೆನ್ಸ್. ವಿಆರ್‌ಆರ್ ಆನ್ ಇದ್ರೆ ಕೆಲವು ಲೋಡಿಂಗ್ ಸ್ಕ್ರೀನ್‌ಗಳಲ್ಲಿ ಕಪ್ಪು ಜಾಗ ಸಣ್ಣಗೆ ಪಟಪಟ ಅನ್ನುತ್ತೆ, ವಿಎ ಮತ್ತೆ ಓಲೆಡ್‌ನಲ್ಲಿ ಇದು ಇದ್ದಿದ್ದೇ, ನನಗೆ ಅಭ್ಯಾಸ ಆಗಿದೆ. ತಮ್ಮನ ಹಳೇ ನಿಂಟೆಂಡೋ ಸ್ವಿಚ್ ಕನ್ಸೋಲ್ ಕೂಡ ಇದಕ್ಕೇ ಹಾಕ್ತೀವಿ, ಟಿವಿಗೆ ಜೋಡಿಸೋ ಅದರ ಡಾಕ್‌ನಿಂದ ಬರೋದೇ ಗರಿಷ್ಠ 1080ಪಿ, 65 ಇಂಚಿನಲ್ಲಿ ಸ್ವಲ್ಪ ಮೆತ್ತಗೆ ಕಾಣುತ್ತೆ, ಕಾರ್ಟೂನ್ ಥರದ ಗೇಮ್‌ಗಳಿಗೆ ಅದೇನು ಅಡ್ಡಿ ಇಲ್ಲ. ಅವನಿಗೆ ಮಾತ್ರ ಶೂಟಿಂಗ್ ಗೇಮ್‌ಗೆ ಹಾಲ್ ಸರಿಹೋಗ್ತಿಲ್ಲ, ಅಪ್ಪ ನ್ಯೂಸ್‌ಗೆ ಕೂತ್ರೆ ಅವನ ಆಟ ಬಂದ್, ಟೇಬಲ್‌ಗೆ 27 ಇಂಚಿನ 1440ಪಿ ಕೊಡಿಸು ಅಂತ ಹಿಂದೆ ಬಿದ್ದಿದಾನೆ. ವೇಗದ ಆಟಕ್ಕೆ, ಹತ್ರ ಕೂತು ಆಡೋನಿಗೆ ಅದೇ ಸರಿ, 120 ಹರ್ಟ್ಸ್ ಐಪಿಎಸ್, ಎಚ್‌ಡಿಆರ್ ಆಸೆ ಬಿಟ್ಟು. ನೋಡ್ತಿರೋ ಮಾನಿಟರ್‌ಗಳಲ್ಲಿ ಒಂದು, 1440ಪಿ 120 ಹರ್ಟ್ಸನ್ನ ಎಚ್‌ಡಿಎಂಐ ಮೇಲೆ ತಗೊಳ್ಳುತ್ತಾ ಇಲ್ಲಾ ಕಂಪ್ಯೂಟರ್‌ಗಳಲ್ಲಿರೋ ಡಿಸ್‌ಪ್ಲೇಪೋರ್ಟ್ ಮೇಲೆ ಮಾತ್ರನಾ ಅಂತ ಸ್ಪೆಕ್ ಶೀಟ್‌ನಲ್ಲಿ ಹುಡುಕ್ತಾ ಇದೀನಿ, ಕನ್ಸೋಲ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಇಲ್ವಲ್ಲ.